ಹುಲಿ ಕಟ್ಟಿದವರಿಗೆ ಗೋ ಆಟ ಕಷ್ಟವಲ್ಲ: ಫೋನಿನಲ್ಲಿ ಕಲಿಯುವ ಬಗೆ

ಮೊದಲೇ ಹೇಳಿಬಿಡುತ್ತೇನೆ, ಈ ಗೋ ಆಟಕ್ಕೂ ಗೋವಿಗೂ ಸಂಬಂಧ ಇಲ್ಲ. ನಮ್ಮ ಅಮ್ಮ ಕೇಳಿದ ಮೊದಲ ಪ್ರಶ್ನೆಯೇ ಅದು. ಇದು ಚೀನಾದಲ್ಲಿ ಹುಟ್ಟಿದ, ಎರಡು ಸಾವಿರ ವರ್ಷಕ್ಕೂ ಹಳೆಯ ಬೋರ್ಡ್ ಆಟ. ಅಲ್ಲಿ ಇದಕ್ಕೆ ವೇಯ್‌ಚಿ ಅನ್ನುತ್ತಾರೆ, ಕೊರಿಯಾದಲ್ಲಿ ಬಾದುಕ್, ಜಪಾನಿನಲ್ಲಿ ಇಗೋ. ಆ ಇಗೋ ಅನ್ನುವುದೇ ಹೊರಗಿನವರ ಬಾಯಲ್ಲಿ ಗೋ ಆಯಿತು. ಫೋನಿನಲ್ಲಿ ಬರೀ ಗೋ ಅಂತ ಹುಡುಕಿದರೆ ಪ್ರೋಗ್ರಾಮಿಂಗ್ ಭಾಷೆಯೋ ಇನ್ನೇನೋ ಬರುತ್ತದೆ. ಬಾದುಕ್ ಅಂತ ಹುಡುಕಿ, ಆಟವೇ ಸಿಗುತ್ತದೆ.

ನಾನು ಇದನ್ನು ಕಲಿತದ್ದು ತುಮಕೂರಿನಿಂದ ಯಶವಂತಪುರಕ್ಕೆ ಹೋಗುವ ರೈಲಿನಲ್ಲಿ, ತಿಂಗಳ ಪಾಸ್ ಇಟ್ಟುಕೊಂಡು ದಿನಾ ಓಡಾಡುವಾಗ. ಬೆಳಿಗ್ಗೆ ಸೀಟು ಸಿಕ್ಕರೆ ಒಂದು ಗಂಟೆಗೂ ಜಾಸ್ತಿ ಸಮಯ ಕೈಯಲ್ಲಿ ಇರುತ್ತದೆ. ಅದರಲ್ಲಿ ಎಷ್ಟು ಅಂತ ರೀಲ್ಸ್ ನೋಡುವುದು ಹೇಳಿ? ಒಂದು ದಿನ ಪಕ್ಕದಲ್ಲಿ ಕೂತಿದ್ದ ಗುಬ್ಬಿ ಕಡೆಯ ಹಿರಿಯರೊಬ್ಬರು ನನ್ನ ಫೋನಿಗೆ ಬಗ್ಗಿ ನೋಡಿ, "ಏನಪ್ಪಾ ಇದು, ಹುಲೀನ ಕಟ್ಟಾಕ್ದಂಗೆ ಐತಲ್ಲ?" ಅಂದರು. ನಾನು ಮೂರು ವಾರ ಇಂಗ್ಲಿಷ್ ವಿಡಿಯೋ ನೋಡಿ ಅರ್ಥ ಮಾಡಿಕೊಂಡದ್ದನ್ನು ಅವರು ಹಿರೇಹಳ್ಳಿ ದಾಟುವಷ್ಟರಲ್ಲಿ ಹಿಡಿದುಬಿಟ್ಟಿದ್ದರು.

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಆಡು ಹುಲಿ ಆಟ ಗೊತ್ತಲ್ವಾ, ದೇವಸ್ಥಾನದ ಜಗಲಿ ಕಲ್ಲಿನ ಮೇಲೆ ಗೆರೆ ಕೊರೆದಿರುತ್ತಾರೆ. ಊರಿಗೊಂದು ಥರ ಆಡುತ್ತಾರೆ, ನಾವು ಆಡುತ್ತಿದ್ದುದು 3 ಹುಲಿ, 15 ಆಡು. ಹುಲಿ ಹಾರಿ ಆಡನ್ನು ತಿನ್ನುತ್ತದೆ. ಆಡಿಗೆ ತಿನ್ನಲು ಬರುವುದಿಲ್ಲ, ಆದರೆ ಸುತ್ತ ನಿಂತು ಹುಲಿಗೆ ಎಲ್ಲೂ ಅಲುಗಾಡಲು ದಾರಿ ಇಲ್ಲದ ಹಾಗೆ ಮಾಡಿದರೆ ಆಡಿನ ಕಡೆಯವರು ಗೆದ್ದರು. ಗೋ ಆಟದಲ್ಲಿ ಹುಲಿಯೇ ಇಲ್ಲ, ಎರಡೂ ಕಡೆ ಬರೀ ಆಡು. ಯಾರು ಯಾರನ್ನು ಕಟ್ಟಿಹಾಕುತ್ತಾರೆ, ಹಾಗೆ ಕಟ್ಟುತ್ತಾ ಕಟ್ಟುತ್ತಾ ಯಾರು ಜಾಸ್ತಿ ಜಾಗಕ್ಕೆ ಬೇಲಿ ಹಾಕುತ್ತಾರೆ, ಅಷ್ಟೇ ಆಟ.

ನಿಯಮ, ಒಂದು ಸ್ಟೇಷನ್ ದೂರದಲ್ಲಿ

ಬೋರ್ಡ್ ಮೇಲೆ ಅಡ್ಡ ಗೆರೆ, ಉದ್ದ ಗೆರೆ. ದೊಡ್ಡ ಬೋರ್ಡ್ 19ಕ್ಕೆ 19, ಅಂದರೆ 361 ಜಾಗ. ನೀವು ಅದರ ತಂಟೆಗೆ ಈಗಲೇ ಹೋಗಬೇಡಿ, 9ಕ್ಕೆ 9ರ ಬೋರ್ಡ್ ತೆಗೆದುಕೊಳ್ಳಿ, 81 ಜಾಗ ಸಾಕು. ಕಾಯಿ ಇಡುವುದು ಚೌಕಾಬಾರದ ಹಾಗೆ ಮನೆಯ ಒಳಗಲ್ಲ, ಆಡು ಹುಲಿಯ ಹಾಗೆ ಗೆರೆ ಗೆರೆ ಕೂಡುವ ಕಡೆ. ಕಪ್ಪು ಮೊದಲು, ಆಮೇಲೆ ಬಿಳಿ, ಒಬ್ಬರ ನಂತರ ಒಬ್ಬರು ಒಂದೊಂದು ಕಾಯಿ. ಇಟ್ಟ ಕಾಯಿಯನ್ನು ಸರಿಸುವ ಹಾಗಿಲ್ಲ. ಇಟ್ಟರೆ ಇಟ್ಟಹಾಗೆ, ಎದುರಿನವರು ಹಿಡಿದು ತೆಗೆದರೆ ಮಾತ್ರ ಅದು ಮೇಲೇಳುತ್ತದೆ.

ಹಿಡಿಯುವುದು ಹೇಗೆ? ಒಂದು ಕಾಯಿಗೆ ಗೆರೆಯ ಮೇಲೆ ಅಂಟಿಕೊಂಡ ಹಾಗೆ ಇರುವ ಖಾಲಿ ಜಾಗಗಳೇ ಅದರ ಉಸಿರು. ನಡುವೆ ಇಟ್ಟ ಕಾಯಿಗೆ 4 ಉಸಿರು, ಅಂಚಿನಲ್ಲಿ 3, ಮೂಲೆಯಲ್ಲಿ 2. ಓರೆಯಾಗಿರುವ ಜಾಗ ಲೆಕ್ಕಕ್ಕಿಲ್ಲ. ಒಂದೇ ಬಣ್ಣದ ಕಾಯಿಗಳು ಗೆರೆಯ ಮೇಲೆ ಪಕ್ಕ ಪಕ್ಕ ಇದ್ದರೆ ಅವೆಲ್ಲ ಒಂದೇ ಕುಟುಂಬ, ಉಸಿರೂ ಒಟ್ಟಿಗೆ: ನಡುವೆ ಇರುವ ಜೋಡಿಗೆ 6, ಸಾಲಾಗಿ ಮೂರಿದ್ದರೆ 8. ಎದುರಿನವರು ಕೊನೆಯ ಉಸಿರೂ ಮುಚ್ಚಿದರೆ ಇಡೀ ಕುಟುಂಬ ಬೋರ್ಡ್ ಬಿಟ್ಟು ಎದ್ದು ಹೋಗುತ್ತದೆ. ಒಂದೇ ಉಸಿರು ಉಳಿದಿರುವ ಸ್ಥಿತಿಗೆ ಅತಾರಿ ಅನ್ನುತ್ತಾರೆ. ಈ ಪದ ಎಲ್ಲ ಕಡೆ ಬರುತ್ತದೆ, ನೆನಪಿರಲಿ. ಅಟಾರಿ ಅನ್ನುವ ವಿಡಿಯೋ ಗೇಮ್ ಕಂಪನಿಗೆ ಹೆಸರು ಬಂದದ್ದೂ ಇಲ್ಲಿಂದಲೇ.

ಇನ್ನೆರಡು ಸಣ್ಣ ನಿಯಮ ಇವೆ. ನಿಮಗೇ ಉಸಿರಿಲ್ಲದ ಜಾಗಕ್ಕೆ ಹೋಗಿ ಕೂರುವಂತಿಲ್ಲ, ಹಾಗೆ ಕೂತಾಗ ಎದುರಿನ ಕಾಯಿ ಹಿಡಿದು ಜಾಗ ಮಾಡಿಕೊಳ್ಳುವುದಾದರೆ ಮಾತ್ರ ಸರಿ. ಆಮೇಲೆ ಕೋ ಅಂತ ಒಂದು ಇದೆ: ನಾನು ನಿಮ್ಮ ಒಂದು ಕಾಯಿ ಹಿಡಿದೆ, ಕೂಡಲೇ ನೀವು ಅದೇ ಜಾಗದಲ್ಲಿ ನನ್ನದನ್ನು ಹಿಡಿದಿರಿ, ಮತ್ತೆ ನಾನು, ಮತ್ತೆ ನೀವು. ಹೀಗೆ ಮಕ್ಕಳ ಜಗಳದ ಥರ ಮುಗಿಯುವುದೇ ಇಲ್ಲ. ಅದಕ್ಕೇ ತಕ್ಷಣ ತಿರುಗಿಸಿ ಹಿಡಿಯುವಂತಿಲ್ಲ, ಮಧ್ಯೆ ಬೇರೆ ಕಡೆ ಒಂದು ಕಾಯಿ ಇಟ್ಟು ಬರಬೇಕು. ಮೊದಲ ಹತ್ತು ಆಟದಲ್ಲಿ ಕೋ ತಲೆಗೆ ಹೋಗದಿದ್ದರೆ ಬಿಟ್ಟುಬಿಡಿ, ತಪ್ಪಾಗಿ ಒತ್ತಿದರೆ ಫೋನೇ ಬೇಡ ಅನ್ನುತ್ತದೆ.

ಎರಡು ಕಣ್ಣು

ಇದು ಅರ್ಥವಾಗುವವರೆಗೆ ನೀವು ಆಡುತ್ತಿರುವುದು ಗೋ ಅಲ್ಲ, ಸುಮ್ನೆ ಕಾಯಿ ಜೋಡಿಸುತ್ತಿದ್ದೀರಿ. ನಾನಂತೂ ಹಾಗೇ ಮಾಡಿದ್ದೆ. ನನ್ನ ಮೊದಲ ಆಟದ ಕೊನೆಗೆ ಬೋರ್ಡ್ ಮೇಲೆ ಒಂದು ಕಪ್ಪು ಕಾಯಿಗೂ ಜೀವ ಇರಲಿಲ್ಲ.

ಬೋರ್ಡಿನ ಎಡಗಡೆ ಮೇಲಿನ ಮೂಲೆ ಅಂದುಕೊಂಡು ಇದನ್ನು ನೋಡಿ:

· ● ○
● ● ○
○ ○ ○

ಕಪ್ಪಿನ ಮೂರು ಕಾಯಿ, ಒಳಗೆ ಒಂದೇ ಖಾಲಿ ಜಾಗ. ಬಿಳಿ ಅಲ್ಲಿ ಇಟ್ಟ ಕೂಡಲೇ ಮೂರೂ ಹೋದವು. ಈಗ ಇದನ್ನು ನೋಡಿ:

· ● · ● ○
● ● ● ● ○
○ ○ ○ ○ ○

ಇಲ್ಲಿ ಎರಡು ಖಾಲಿ ಜಾಗ, ಎರಡೂ ಬೇರೆ ಬೇರೆ. ಬಿಳಿ ಒಂದು ಕಡೆ ಇಡಲು ಹೋದರೆ ಅದಕ್ಕೇ ಉಸಿರಿಲ್ಲ, ಕಪ್ಪಿಗೆ ಇನ್ನೊಂದು ಕಡೆ ಉಸಿರು ಇದ್ದೇ ಇದೆ. ಆದ್ದರಿಂದ ಇಡುವ ಹಾಗೇ ಇಲ್ಲ. ಎರಡನ್ನೂ ಒಂದೇ ಸಲ ಮುಚ್ಚಲು ಆಗುವುದಿಲ್ಲ ಅಲ್ವಾ, ಸರದಿಗೆ ಒಂದೇ ಕಾಯಿ. ಈ ಖಾಲಿ ಜಾಗಕ್ಕೆ ಕಣ್ಣು ಅನ್ನುತ್ತಾರೆ. ಎರಡು ಕಣ್ಣು ಇದ್ದ ಕುಟುಂಬ ಸಾಯುವುದಿಲ್ಲ, ಸುತ್ತ ಎಷ್ಟು ಬಿಳಿ ಸೈನ್ಯ ನಿಂತಿದ್ದರೂ ಸರಿ. ಕಣ್ಣು ಮಾಡಿಕೊಳ್ಳಲು ಜಾಗವೇ ಇಲ್ಲದೆ ಸುತ್ತುವರಿದು ಹೋಗಿದ್ದರೆ ಅದು ಸತ್ತಹಾಗೇ ಲೆಕ್ಕ, ಎದುರಿನವರು ಒಂದೊಂದಾಗಿ ಹೋಗಿ ಹಿಡಿಯುವ ಅಗತ್ಯವೂ ಇಲ್ಲ. ಕೊನೆಯಲ್ಲಿ ಹಾಗೇ ಎತ್ತಿಡುತ್ತಾರೆ. ಹೊಸಬರಿಗೆ ಇದೇ ಮೋಸ ಅನ್ನಿಸುವುದು, "ನನ್ನ ಕಾಯಿಗೆ ಇನ್ನೂ ಉಸಿರಿತ್ತಲ್ಲ" ಅಂತ. ಉಸಿರೇನೋ ಇತ್ತು, ಬದುಕುವ ದಾರಿ ಇರಲಿಲ್ಲ. ನಂಬಿಕೆ ಬರದಿದ್ದರೆ ಆಟ ನಿಲ್ಲಿಸದೆ ಮುಂದುವರಿಸಿ ನೋಡಿ, ಉಳಿಸಿಕೊಳ್ಳಲು ಪ್ರಯತ್ನ ಮಾಡಿ, ಆಗ ತಿಳಿಯುತ್ತದೆ.

ಎಲ್ಲಿ ಆಡುವುದು

ಮೊದಲ ದಿನವೇ ಮನುಷ್ಯರ ಜೊತೆ ಕೂರಬೇಡಿ. ಕೊಸುಮಿ ಅನ್ನುವ ತಾಣದಲ್ಲಿ ಕಂಪ್ಯೂಟರ್ ಜೊತೆ 5ಕ್ಕೆ 5ರ ಪುಟ್ಟ ಬೋರ್ಡ್‌ನಲ್ಲೇ ಆಡಬಹುದು. ಒಂದು ಆಟ ಎರಡು ನಿಮಿಷ. ಹತ್ತಿಪ್ಪತ್ತು ಸಲ ಸೋಲಿ. ಗೋ ಆಡುವವರಲ್ಲಿ ಒಂದು ಹಳೆಯ ಮಾತಿದೆ, ಮೊದಲ 50 ಆಟ ಆದಷ್ಟು ಬೇಗ ಸೋತು ಮುಗಿಸು ಅಂತ. ನಾನು 50 ದಾಟಿಯೂ ಆ ಕೆಲಸ ಮುಂದುವರಿಸಿದೆ, ಅದು ಬೇರೆ ವಿಷಯ.

ಆಮೇಲೆ ಆನ್‌ಲೈನ್ ಗೋ ಸರ್ವರ್‌ಗೆ ಬನ್ನಿ, ಎಲ್ಲರೂ ಓಜಿಎಸ್ ಅನ್ನುತ್ತಾರೆ. ಬ್ರೌಸರ್‌ನಲ್ಲೇ ನಡೆಯುತ್ತದೆ, ಆಡಲು ದುಡ್ಡು ಕೊಡಬೇಕಾಗಿಲ್ಲ. ಅಲ್ಲೇ ಒಂದು ಪಾಠದ ಭಾಗ ಇದೆ, ಒತ್ತಿ ಒತ್ತಿ ಕಲಿಯುವ ಹಾಗೆ. ಇಂಗ್ಲಿಷ್ ಕಷ್ಟ ಅನ್ನುವವರಿಗೂ ತೊಂದರೆ ಇಲ್ಲ, ಚಿತ್ರವೇ ಎಲ್ಲ ಹೇಳುತ್ತದೆ. ಮೊದಲು ಅಲ್ಲಿನ ಬಾಟ್‌ಗಳ ಜೊತೆ, ಆಮೇಲೆ ಮನುಷ್ಯರ ಜೊತೆ. ಕೆಜಿಎಸ್, ಫಾಕ್ಸ್, ಪಂಡಾನೆಟ್ ಅಂತ ಬೇರೆ ಸರ್ವರ್‌ಗಳೂ ಇವೆ, ಫಾಕ್ಸ್‌ನಲ್ಲಿ ಚೀನಾದ ಜನ ಜಾಸ್ತಿ, ಬಲವಾದವರೂ ಜಾಸ್ತಿ. ಶುರುವಿಗೆ ಓಜಿಎಸ್ ಒಂದೇ ಸಾಕು, ನಾಲ್ಕು ಕಡೆ ಖಾತೆ ತೆರೆದು ನಾಲ್ಕರಲ್ಲೂ ಸೋಲುವುದು ಯಾಕೆ.

ಈಗ ರೈಲಿನವರಿಗೆ ಮುಖ್ಯವಾದ ಮಾತು. ಓಜಿಎಸ್‌ನಲ್ಲಿ ಆಟ ಶುರು ಮಾಡುವಾಗ ಗಡಿಯಾರ ಹೇಗಿರಬೇಕು ಅಂತ ಕೇಳುತ್ತದೆ. ಲೈವ್ ಅಂದರೆ ಇಬ್ಬರೂ ಕೂತು ಒಂದೇ ಸಲ ಆಡಿ ಮುಗಿಸುವುದು, ಬ್ಲಿಟ್ಜ್ ಅಂದರೆ ಗಡಿಬಿಡಿ, ಕರೆಸ್ಪಾಂಡೆನ್ಸ್ ಅಂದರೆ ಕಾಗದ ಬರೆದ ಹಾಗೆ: ಒಂದು ಕಾಯಿ ಇಡಲು ಒಂದೋ ಎರಡೋ ದಿನವೇ ಸಿಗುತ್ತದೆ. ನಾನು ಗೊತ್ತಿಲ್ಲದೆ ಲೈವ್ ಹಾಕಿಕೊಂಡಿದ್ದೆ. ದೊಡ್ಡಬೆಲೆ ಹತ್ತಿರ ನೆಟ್‌ವರ್ಕ್ ಹೋಯಿತು, ಬರುವಷ್ಟರಲ್ಲಿ ಗಡಿಯಾರ ಮುಗಿದು ಗೆಲ್ಲುತ್ತಿದ್ದ ಆಟ ಸೋತಿದ್ದೆ. ಜೀವನದಲ್ಲಿ ಗೆಲ್ಲುತ್ತಿದ್ದ ಮೊದಲ ಆಟ ಅದು! ಅವತ್ತಿನಿಂದ ರೈಲಿನಲ್ಲಿ ಬರೀ ಕರೆಸ್ಪಾಂಡೆನ್ಸ್. ಏಳೆಂಟು ಆಟ ಒಟ್ಟಿಗೆ ನಡೆಯುತ್ತಿರುತ್ತವೆ, ಕ್ಯಾತ್ಸಂದ್ರ ಬರುವಷ್ಟರಲ್ಲಿ ಎಲ್ಲದಕ್ಕೂ ಒಂದೊಂದು ಕಾಯಿ ಇಟ್ಟು ಫೋನ್ ಜೇಬಿಗೆ.

ಇನ್ನೊಂದು, ಸೆಟ್ಟಿಂಗ್ಸ್‌ನಲ್ಲಿ ಕಾಯಿ ಇಟ್ಟ ಮೇಲೆ ಸಬ್ಮಿಟ್ ಬಟನ್ ಒತ್ತಿದರೆ ಮಾತ್ರ ನಡೆ ಹೋಗುವ ಹಾಗೆ ಮಾಡಿಕೊಳ್ಳಬಹುದು. ಮಾಡಿಕೊಳ್ಳಿ. ರೈಲು ಒಂದು ಸಲ ಕುಲುಕಿದರೆ ಬೆರಳು ಪಕ್ಕದ ಗೆರೆಗೆ ಹೋಗಿರುತ್ತದೆ.

ಕಾರ್ನರ್ ಸೈಟ್

ನಮ್ಮ ಕಡೆ ಲೇಔಟ್‌ಗಳಲ್ಲಿ ಕಾರ್ನರ್ ಸೈಟಿಗೆ ರೇಟು ಜಾಸ್ತಿ. ಗೋ ಬೋರ್ಡಿನಲ್ಲೂ ಹಾಗೇ, ಕಾರಣ ಮಾತ್ರ ಬೇರೆ. 9 ಜಾಗದ ಒಂದು ಚೌಕಕ್ಕೆ ಬೇಲಿ ಹಾಕಬೇಕು ಅಂದುಕೊಳ್ಳಿ. ಬೋರ್ಡಿನ ನಡುವೆ ಹಾಕಿದರೆ 12 ಕಾಯಿ ಬೇಕು. ಅಂಚಿಗೆ ಒತ್ತಿ ಹಾಕಿದರೆ 9. ಮೂಲೆಯಲ್ಲಾದರೆ 6ರಲ್ಲೇ ಮುಗಿಯಿತು, ಎರಡು ಕಡೆ ಬೋರ್ಡಿನ ಅಂಚೇ ಕಾಂಪೌಂಡು. ಅದಕ್ಕೇ ದೊಡ್ಡ ಬೋರ್ಡಿನಲ್ಲಿ ಎಲ್ಲರೂ ಮೊದಲು ಮೂಲೆಗಳಿಗೆ ಓಡುತ್ತಾರೆ, ಆಮೇಲೆ ಅಂಚು, ಕೊನೆಗೆ ನಡು. ಆದರೆ ಮೂಲೆ ಅಂದರೆ ತೀರಾ ಮೂಲೆಯ ತುದಿ ಅಲ್ಲ! ಅಂಚಿನಿಂದ ಮೂರನೆಯ ಅಥವಾ ನಾಲ್ಕನೆಯ ಗೆರೆ. ಮೊದಲ ಗೆರೆಯಲ್ಲಿ ಕೂತರೆ ಬೇಲಿ ಹಾಕಲು ಜಾಗವೇ ಉಳಿಯುವುದಿಲ್ಲ. 9ರ ಪುಟ್ಟ ಬೋರ್ಡಿನಲ್ಲಿ ಮಾತ್ರ ಸ್ವಲ್ಪ ಬೇರೆ, ಅಲ್ಲಿ ಕಪ್ಪು ನಟ್ಟನಡುವೆ ಶುರು ಮಾಡಿದರೂ ಒಳ್ಳೆಯದೇ, ಅಲ್ಲಿಂದ ಎಲ್ಲ ಕಡೆಗೂ ಕೈ ಎಟುಕುತ್ತದೆ.

ನೀವು ಬೇಲಿ ಹಾಕುತ್ತಿದ್ದ ಜಾಗಕ್ಕೆ ಎದುರಿನವರು ನುಗ್ಗಿ ಒಂದು ಕಾಯಿ ಇಡುತ್ತಾರೆ. ಶುದ್ಧ ಒತ್ತುವರಿ. ನಮ್ಮೂರಲ್ಲಿ ಬದು ಒಂದು ಅಡಿ ಸರಿದರೆ ಸರ್ವೆಯವರನ್ನು ಕರೆಸುತ್ತಾರೆ, ಆದರೆ ಇಲ್ಲಿ ಗಾಬರಿ ಬೀಳುವುದೇ ದೊಡ್ಡ ತಪ್ಪು. ಒಂದೇ ಪ್ರಶ್ನೆ ಕೇಳಿಕೊಳ್ಳಿ: ಅಷ್ಟು ಜಾಗದಲ್ಲಿ ಅವರಿಗೆ ಎರಡು ಕಣ್ಣು ಮಾಡಿಕೊಳ್ಳಲು ಆಗುತ್ತದಾ? ಅಥವಾ ಹೊರಗಿನ ತಮ್ಮವರನ್ನು ಸೇರಿಕೊಳ್ಳಲು ಆಗುತ್ತದಾ? ಎರಡೂ ಆಗುವುದಿಲ್ಲ ಅಂದರೆ ಅದು ಸತ್ತ ಕಾಯಿ, ಬಿಟ್ಟು ಬೇರೆ ಕಡೆ ಹೋಗಿ. ಆಗುತ್ತದೆ ಅಂದರೆ ಅದರ ಮೈಮೇಲೆ ಬೀಳಬೇಡಿ, ಓಡುವ ದಾರಿಗೆ ಅಡ್ಡ ನಿಲ್ಲಿ. ಆಡು ಹುಲಿಯಲ್ಲೂ ಹುಲಿಯ ಪಕ್ಕಕ್ಕೇ ಹೋಗಿ ನಿಂತ ಒಂಟಿ ಆಡಿನ ಗತಿ ಏನಾಗುತ್ತದೆ ಗೊತ್ತಲ್ಲ.

ನಿಮ್ಮದೇ ಬೇಲಿ ಒಳಗೆ ನೀವೇ ಕಾಯಿ ತುಂಬುವುದು ಇನ್ನೊಂದು ಚಟ. ಜಪಾನಿ ಲೆಕ್ಕದಲ್ಲಿ (ಕೊನೆಗೆ ಅಂಕ ಎಣಿಸುವ ಒಂದು ಬಗೆ, ಮುಂದೆ ಹೇಳುತ್ತೇನೆ) ಹಾಗೆ ತುಂಬಿದ ಒಂದೊಂದು ಕಾಯಿಗೂ ಒಂದೊಂದು ಅಂಕ ಹೋಯಿತು, ಗದ್ದೆಯಲ್ಲಿ ನಾಟಿ ಬಿಟ್ಟು ಕಲ್ಲು ಕಂಬ ನೆಟ್ಟ ಹಾಗೆ. ಹೆದರಿಕೆಗೆ ಮಾಡುತ್ತೇವೆ, ಇನ್ನೂ ಒಂದು ಇಟ್ಟರೆ ಭದ್ರ ಅಂತ.

ಏಣಿ ಅಂತ ಒಂದು ಬಲೆ ಇದೆ, ಹೊಸಬರೆಲ್ಲ ಒಂದು ಸಲವಾದರೂ ಬೀಳುತ್ತಾರೆ. ಎದುರಿನವರು ನಿಮ್ಮ ಕಾಯಿಗೆ ಅತಾರಿ ಕೊಡುತ್ತಾರೆ, ನೀವು ಒಂದು ಹೆಜ್ಜೆ ಓಡುತ್ತೀರಿ, ಎರಡು ಉಸಿರು ಬರುತ್ತದೆ, ಅವರು ಇನ್ನೊಂದು ಕಡೆಯಿಂದ ಮತ್ತೆ ಅತಾರಿ ಕೊಡುತ್ತಾರೆ, ನೀವು ಮತ್ತೆ ಓಡುತ್ತೀರಿ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಅಂಚಿನವರೆಗೆ ಓಡಿಸಿಕೊಂಡು ಹೋಗಿ ಅಲ್ಲಿ ಪೂರ್ತಿ ಹಿಡಿಯುತ್ತಾರೆ. ಒಂದು ಕಾಯಿ ಹೋಗುವುದರ ಬದಲು ಹನ್ನೊಂದು ಹೋಯಿತು. ಓಡುವ ದಾರಿಯಲ್ಲಿ ಮುಂದೆ ನಿಮ್ಮದೇ ಕಾಯಿ ಕಾದಿದೆಯಾ ನೋಡಿ. ಇದ್ದರೆ ಓಡಿ. ಇಲ್ಲದಿದ್ದರೆ ಆ ಒಂದು ಕಾಯಿಯ ಆಸೆ ಬಿಡಿ. ಚೆಸ್ ಆಡಿ ಬಂದವರಿಗೆ ಇದೇ ಕಷ್ಟ, ಅವರಿಗೆ ಒಂದು ಕಾಯಿ ಹೋದರೆ ಆಟವೇ ಹೋದ ಹಾಗೆ. ಇಲ್ಲಿ ಒಂದು ಮೂಲೆ ಪೂರ್ತಿ ಕೊಟ್ಟರೂ ಇನ್ನೊಂದು ಕಡೆ ಗೆಲ್ಲಬಹುದು.

ಮುಗಿಯಿತು ಅಂತ ತಿಳಿಯುವುದು ಹೇಗೆ

ರಾಜನೂ ಇಲ್ಲ, ಚೆಕ್‌ಮೇಟೂ ಇಲ್ಲ. ಇನ್ನು ಎಲ್ಲಿಟ್ಟರೂ ಲಾಭ ಇಲ್ಲ ಅನ್ನಿಸಿದಾಗ ಪಾಸ್ ಒತ್ತಬೇಕು. ಇಬ್ಬರೂ ಒಬ್ಬರ ಹಿಂದೊಬ್ಬರು ಪಾಸ್ ಒತ್ತಿದರೆ ಆಟ ನಿಂತಿತು. (ನಮ್ಮ ಗುಬ್ಬಿ ಹಿರಿಯರಿಗೆ "ಈಗ ಪಾಸ್ ಅನ್ನಿ" ಅಂದಾಗ ಜೇಬಿನಿಂದ ರೈಲು ಪಾಸ್ ತೆಗೆದು ತೋರಿಸಿದರು.) ಆಮೇಲೆ ಸತ್ತ ಕಾಯಿಗಳನ್ನು ಗುರುತು ಮಾಡಿ, ಇಬ್ಬರೂ ಒಪ್ಪಿದರೆ ಲೆಕ್ಕ. ಫೋನ್ ತಾನೇ ಗುರುತು ಮಾಡುತ್ತದೆ, ಆದರೆ ಕೆಲವು ಸಲ ತಪ್ಪುತ್ತದೆ, ಒಪ್ಪಿಗೆ ಒತ್ತುವ ಮೊದಲು ಒಂದು ಸಲ ಕಣ್ಣಾಡಿಸಿ.

ಜಪಾನಿ ಲೆಕ್ಕದಲ್ಲಿ ಬೇಲಿ ಒಳಗಿನ ಖಾಲಿ ಜಾಗ, ಅದರ ಜೊತೆ ಹಿಡಿದ ಕಾಯಿಗಳು, ಇವೆರಡೂ ಸೇರಿ ನಿಮ್ಮ ಅಂಕ. ಚೀನೀ ಲೆಕ್ಕದಲ್ಲಿ ಖಾಲಿ ಜಾಗ ಮತ್ತು ಬೋರ್ಡ್ ಮೇಲೆ ಬದುಕಿರುವ ಕಾಯಿ. ಗೆದ್ದವರು ಸಾಮಾನ್ಯವಾಗಿ ಎರಡರಲ್ಲೂ ಒಬ್ಬರೇ, ತಲೆ ಕೆಡಿಸಿಕೊಳ್ಳಬೇಡಿ. ಕಪ್ಪು ಮೊದಲು ಆಡುವುದರಿಂದ ಅದಕ್ಕೆ ಲಾಭ ಜಾಸ್ತಿ, ಅದನ್ನು ಸರಿದೂಗಿಸಲು ಬಿಳಿಗೆ ಒಂದಿಷ್ಟು ಅಂಕ ಬಿಟ್ಟಿ ಕೊಡುತ್ತಾರೆ. ಇದಕ್ಕೆ ಕೊಮಿ ಅನ್ನುತ್ತಾರೆ. ದೊಡ್ಡ ಬೋರ್ಡಿನಲ್ಲಿ ಜಪಾನಿ ಲೆಕ್ಕಕ್ಕೆ 6.5, ಚೀನೀ ಲೆಕ್ಕಕ್ಕೆ 7.5. ಆ ಅರ್ಧ ಯಾಕೆ ಅಂದರೆ ಸಮ ಆಗಬಾರದು ಅಂತ. ನನ್ನ ಒಂದು 9ರ ಆಟದಲ್ಲಿ ಕೊಮಿ 5.5 ಇತ್ತು, ನನ್ನ ಕಪ್ಪಿಗೆ 24, ಎದುರಿನ ಬಿಳಿಗೆ 19. ಗೆದ್ದೆ ಅಂತ ಸ್ಕ್ರೀನ್‌ಶಾಟ್ ತೆಗೆದು ತಮ್ಮನಿಗೂ ಕಳಿಸಿದೆ. 19ಕ್ಕೆ 5.5 ಸೇರಿಸಿ ನೋಡಿ.

ಮಟ್ಟ ಅಳೆಯುವುದಕ್ಕೆ ಕ್ಯು, ಡಾನ್ ಅಂತ ಇದೆ. ಕ್ಯು ಮೇಲಿಂದ ಕೆಳಕ್ಕೆ ಬರುತ್ತದೆ: ಹೊಸಬರು 30 ಅಥವಾ 25ರ ಹತ್ತಿರ, ಬಲ ಬಂದ ಹಾಗೆ 20, 10, ಹೀಗೆ 1. ಅದನ್ನೂ ದಾಟಿದರೆ 1 ಡಾನ್, ಅಲ್ಲಿಂದ 9ರವರೆಗೆ ಮೇಲಕ್ಕೆ. ಈ ಆಟದಲ್ಲಿ ನನಗೆ ತುಂಬಾ ಇಷ್ಟವಾದದ್ದು ಹ್ಯಾಂಡಿಕ್ಯಾಪ್. ಎಳಸು ಆಟಗಾರ ಕಪ್ಪು ತೆಗೆದುಕೊಂಡು ಶುರುವಿನಲ್ಲೇ 2ರಿಂದ 9 ಕಾಯಿ ಇಟ್ಟುಕೊಂಡು ಕೂರಬಹುದು, 19ರ ಬೋರ್ಡಿನಲ್ಲಿ ಸುಮಾರಾಗಿ ಒಂದು ಮಟ್ಟದ ವ್ಯತ್ಯಾಸಕ್ಕೆ ಒಂದು ಕಾಯಿ. ಬಲವಾದವರು ಸುಮ್ಮನೆ ಬಿಟ್ಟುಕೊಟ್ಟು ಆಡುವ ನಾಟಕ ಬೇಡ, ಇಬ್ಬರಿಗೂ ಬೆವರು ಬರುತ್ತದೆ.

ಕಂಪ್ಯೂಟರಿನ ಸಹವಾಸ

2016ರ ಮಾರ್ಚ್‌ನಲ್ಲಿ ಸೋಲ್ ನಗರದಲ್ಲಿ ಆಲ್ಫಾಗೋ ಅನ್ನುವ ಪ್ರೋಗ್ರಾಂ ವಿಶ್ವ ಚಾಂಪಿಯನ್ ಆಗಿದ್ದ ಕೊರಿಯಾದ ಆಟಗಾರ ಲೀ ಸೆಡೋಲ್ ಅವರನ್ನು 4-1ರಲ್ಲಿ ಸೋಲಿಸಿತು. ಎರಡನೆಯ ಆಟದ 37ನೇ ನಡೆ ನೋಡಿ ಪರಿಣತರೇ ಇದು ತಪ್ಪಿರಬೇಕು ಅಂದುಕೊಂಡಿದ್ದರು. ನಾಲ್ಕನೆಯ ಆಟದಲ್ಲಿ ಲೀ 78ನೇ ನಡೆಯಲ್ಲಿ ತಿರುಗಿ ಹೊಡೆದು ಆ ಒಂದು ಆಟ ಗೆದ್ದರು. ಈಗ ಅದಕ್ಕಿಂತ ಬಲವಾದ ಕಾಟಾಗೋ ಅನ್ನುವ ಪ್ರೋಗ್ರಾಂ ಯಾರಿಗೆ ಬೇಕಾದರೂ ಬಿಟ್ಟಿ ಸಿಗುತ್ತದೆ, ಓಜಿಎಸ್‌ನಲ್ಲೂ ಆಟ ಮುಗಿದ ಮೇಲೆ ಅದರ ವಿಮರ್ಶೆ ನೋಡಬಹುದು. ಆಟದ ನಡುವೆ ಅದನ್ನು ಕೇಳಿ ಆಡುವುದು ಮೋಸ, ಖಾತೆ ಹೋಗುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ ಮೊದಲ ಆರು ತಿಂಗಳು ಈ ವಿಮರ್ಶೆ ಜಾಸ್ತಿ ನೋಡಬೇಡಿ. ಅದು ಎಲ್ಲಿ ಇಡಬೇಕಿತ್ತು ಅಂತ ತೋರಿಸುತ್ತದೆ, ಯಾಕೆ ಅಂತ ಹೇಳುವುದಿಲ್ಲ. ನೀವು ಗೆಲ್ಲುವ ಸಾಧ್ಯತೆಯ ಗ್ರಾಫ್ ಯಾವ ನಡೆಯಲ್ಲಿ ದೊಪ್ ಅಂತ ಬಿದ್ದಿದೆ ಅಷ್ಟು ಮಾತ್ರ ನೋಡಿ, ಅಲ್ಲಿ ಏನಾಯಿತು ಅಂತ ನೀವೇ ಯೋಚಿಸಿ. ಹೊಸಬರಲ್ಲಿ ಹತ್ತಕ್ಕೆ ಒಂಬತ್ತು ಸಲ ಕಾರಣ ಒಂದೇ ಇರುತ್ತದೆ: ತಮ್ಮ ಕಾಯಿಗೆ ಅತಾರಿ ಬಿದ್ದಿದ್ದು ನೋಡಿರಲಿಲ್ಲ. ಅದಕ್ಕೇ ಪ್ರತಿ ನಡೆಗೂ ಮೊದಲು ನಿಮ್ಮ ಒಂದೊಂದು ಕುಟುಂಬದ ಉಸಿರು ಎಣಿಸುವ ಅಭ್ಯಾಸ ಮಾಡಿಕೊಳ್ಳಿ. ವಿಮರ್ಶೆಗಿಂತ ಲಾಭ ಕೊಡುವುದು ಸುಮೆಗೋ, ಅಂದರೆ ಸಾವು ಬದುಕಿನ ಒಗಟುಗಳು. ಬ್ಲ್ಯಾಕ್ ಟು ಪ್ಲೇ, ಗೋ ಪ್ರಾಬ್ಲಮ್ಸ್ ತಾಣಗಳಲ್ಲಿ ರಾಶಿ ಇವೆ. ದಿನಕ್ಕೆ ಐದು, ಸುಲಭದ್ದೇ ಮಾಡಿ. ಕಷ್ಟದ್ದು ಮಾಡಿ ಮುಖ ಒಣಗಿಸಿಕೊಂಡರೆ ನಾಳೆ ಕೂರುವುದೇ ಇಲ್ಲ.

ಫೋನ್ ಕಣ್ಣಿಗೆ ಹಿಂಸೆ ಅನ್ನುವವರು ಡ್ರಾಯಿಂಗ್ ಶೀಟಿನ ಮೇಲೆ 9ಕ್ಕೆ 9 ಗೆರೆ ಎಳೆದುಕೊಳ್ಳಿ. ಕಪ್ಪಿಗೆ ಹುಣಸೆ ಬೀಜ, ಬಿಳಿಗೆ ಒಣ ಬಟಾಣಿ, ಒಂದೊಂದು 40 ಇದ್ದರೆ ಸಾಕು. ನಮ್ಮ ಜಿಲ್ಲೆಯಲ್ಲಿ ಹುಣಸೆ ಬೀಜಕ್ಕೆ ಬರ ಇಲ್ಲ. ಬಟಾಣಿ ಉರುಳುತ್ತದೆ ಅನ್ನುವುದೊಂದೇ ತಕರಾರು, ಶೀಟಿನ ಕೆಳಗೆ ಟವೆಲ್ ಹಾಸಿ.

9ರಲ್ಲಿ ಸರಿಸುಮಾರು 20 ಕ್ಯು ಮುಟ್ಟಿದ ಮೇಲೆ, ಅಥವಾ ಬೋರ್ಡು ಇಕ್ಕಟ್ಟು ಅನ್ನಿಸತೊಡಗಿದ ಮೇಲೆ 13ಕ್ಕೆ ಹೋಗಿ, ಆಮೇಲೆ 19. ದೊಡ್ಡ ಬೋರ್ಡಿನ ಲೈವ್ ಆಟ ನಿಧಾನವಾಗಿ ಆಡಿದರೆ ಒಂದು ಗಂಟೆ ಸುಲಭವಾಗಿ ಹಿಡಿಯುತ್ತದೆ. ಅದನ್ನು ರೈಲಿನಲ್ಲಿ ಶುರು ಮಾಡಬೇಡಿ. ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ, ಮನೆಯ ವೈಫೈ ಹಿಡಿದುಕೊಂಡು, ಒಲೆ ಮೇಲೆ ಹಾಲು ಇಟ್ಟಿಲ್ಲ ಅಂತ ಎದ್ದು ಹೋಗಿ ನೋಡಿ ಬಂದು ಶುರು ಮಾಡಿ. ನಾನು ನೋಡಿರಲಿಲ್ಲ.